ಪಗಾರ ಬೇಡದ ಆಳು

ಕೊಲೆಗಾರ ಸಿಕ್ಕಿಬಿದ್ದದ್ದು ಕರೆಂಟು ಹೋದ ಒಂದು ಮಧ್ಯಾಹ್ನ.

ಕಿಟಕಿಗೆ ದಪ್ಪ ಪರದೆ ಎಳೆದು, ಮೊಬೈಲಿನ ಬೆಳಕಿಗೆ ಕೆಂಪು ಕಾಗದ ಸುತ್ತಿ, ಸಿದ್ದಲಿಂಗೇಶ ಗಾಜಿನ ತೊಟ್ಟಿಯ ಮುಂದೆ ಮುಕ್ಕಾಲು ಗಂಟೆಯಿಂದ ಕೂತಿದ್ದ. ಕಲ್ಲಿನ ಸಂದಿಯಿಂದ ಮೊದಲು ಮೀಸೆ ಬಂತು. ಆಮೇಲೆ ಕೆಂಪು ಗೆರೆಗಳ ಮೈ. ಕತ್ತಲಾದರಷ್ಟೇ ಹೊರಬರುವ, ಕಿರುಬೆರಳಿನಷ್ಟು ಉದ್ದದ ಸಿಗಡಿ ಸೀದಾ ಹೊಸ ಹೂವಿನ ಬಳಿ ಹೋಗಿ ಅದರ ಎಸಳು ಹರಿದು ಬಾಯಿಗಿಟ್ಟುಕೊಂಡಿತು.

"ನೋಡಿದೇನ?" ಎಂದ ಹೆಂಡತಿ ಕಸ್ತೂರೆಮ್ಮನಿಗೆ. "ಉಂಡ ಮನಿಗೆ ಎರಡು ಬಗಿಯಾಕತ್ತಾನ."

ತೊಟ್ಟಿ ದೊಡ್ಡದೇನಲ್ಲ. ಕುಡಿಯುವ ನೀರಿನ ಕ್ಯಾನಿನಲ್ಲಿ ಹಿಡಿಸುವಷ್ಟು ನೀರು, ಇಪ್ಪತ್ತು ಲೀಟರು. ಸಮುದ್ರ ನೋಡಬೇಕೆಂದರೆ ಒಂದು ಹಗಲು ಬಸ್ಸಿನಲ್ಲಿ ಕೂಡಬೇಕಾದ ಸಿಂಧನೂರಿನಲ್ಲಿ, ಶುದ್ಧ ನೀರಿಗೆ ಸಮುದ್ರದ ಉಪ್ಪು ಅಳೆದು ಬೆರೆಸಿ, ಬಿಸಿಲಿಗೆ ಆರಿದಷ್ಟು ನೀರನ್ನು ದಿನವೂ ಲೋಟದಿಂದ ತುಂಬಿ, ಮೂರು ವರ್ಷದಿಂದ ಅವನು ಜೀವಂತ ಹವಳ ಸಾಕಿದ್ದ.

ಅದರೊಳಗಿನ ಹಸಿರು ಹವಳ ಮಾತ್ರ ಕಸ್ತೂರೆಮ್ಮನದು. ಮೊಣಕಾಲಿನ ಆಪರೇಷನ್ ಆಗಿ ಮೂರು ತಿಂಗಳು ಮಂಚ ಹಿಡಿದಾಗ ಹಗಲೆಲ್ಲ ಅವಳಿಗೆ ಜೊತೆಯಿದ್ದದ್ದು ಅದೊಂದೇ. ಹಸಿರವ್ವ ಎಂದು ಹೆಸರಿಟ್ಟಿದ್ದಳು. ಬೆಳಿಗ್ಗೆ ತೊಟ್ಟಿಯ ದೀಪ ಹತ್ತಿ, ಹಸಿರವ್ವ ಬೆರಳು ಬಿಚ್ಚಿದ ಮೇಲೆಯೇ ಇವಳ ಚಹಾ. ಈಗ ಆ ಬೆರಳುಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ಪಕ್ಕದ ನೇರಳೆ ಹವಳ ಸತ್ತು ಹದಿನೈದು ದಿನ. ಅದರಾಚೆಯದು ಹೋಗಿ ಒಂದು ವಾರ.

"ಇದೊಂದು ಹೋದ್ರ ತೊಟ್ಟಿ ತಗದುಬಿಡ್ರಿ," ಅಂದಿದ್ದಳು. "ಆಮ್ಯಾಲ ನನಗ ಅದರ ಕಡೆ ನೋಡಾಕ ಆಗಂಗಿಲ್ಲ."

ಆ ಮಾತು ಕೇಳಿದಾಗಿನಿಂದ ಸಿದ್ದಲಿಂಗೇಶ ಕೂತಲ್ಲಿ ಕೂಡಲಾರ, ನಿಂತಲ್ಲಿ ನಿಲ್ಲಲಾರ. ಮೇಲೆ ಮನೆ, ಕೆಳಗೆ ಬೀಜ, ಗೊಬ್ಬರ, ಕೀಟನಾಶಕ, ಕಳೆನಾಶಕದ ಅಂಗಡಿ. ತುರ್ವಿಹಾಳದವರೋ ಜವಳಗೇರಾದವರೋ ಬೆಳೆಯ ಒಣಗಿದ ಒಂದು ಗರಿ ತಂದರೆ ಸಾಕು, ಕೈಯಲ್ಲಿ ಹಿಡಿಯದೆಯೇ ಹುಳದ ಹೆಸರು ಹೇಳುವ ಆಸಾಮಿ. ಅಂಥವನ ಮನೆಗೇ ಹುಳ ಹೊಕ್ಕರೆ ಹೇಗಿರಬೇಡ? ಗಿರಾಕಿಗೆ ಚಿಲ್ಲರೆ ಕೊಡುತ್ತ ಕೊಡುತ್ತಲೇ ಎದ್ದು ಮೆಟ್ಟಿಲು ಹತ್ತುತ್ತಿದ್ದ. ಇಳಿದು ಬಂದವನು ಮತ್ತೆ ಹತ್ತುತ್ತಿದ್ದ.

ಅನುಮಾನ ಮೊದಲಿನಿಂದಲೂ ಸಿಗಡಿಯ ಮೇಲೆಯೇ. ಅದನ್ನು ಕಳಿಸೆಂದು ಅವನು ಕೇಳಿಯೇ ಇರಲಿಲ್ಲ. ಹವಳ ಮಾರುವ ರಾಯಚೂರಿನ ಶಕೀಲ್ ಉಪ್ಪಿನ ಚೀಲದ ಜೊತೆ ಬಸ್ಸಿಗೆ ಹಾಕಿ ಫೋನು ಮಾಡಿದ್ದ: "ನಿಮ್ಮ ತೊಟ್ಟಿ ವಿಡಿಯೋ ನೋಡಿದೆ, ಸಾವ್ಕಾರ್ರ. ಒಂದು ಆಳು ಕಳಿಸೀನ್ರಿ. ಪಗಾರ ಬ್ಯಾಡ, ಊಟಾನೂ ಅವನ ನೋಡ್ಕೊಂತಾನ." ಮಸ್ಕಿಯ ಗಿರಾಕಿಗಳು ಎದುರಿಗೆ ಅವಸರ ಮಾಡುತ್ತಿದ್ದರು. ಸಿದ್ದಲಿಂಗೇಶ ನಕ್ಕು ಫೋನು ಇಟ್ಟಿದ್ದ.

ಊಟವೆಂದರೆ ಎಂಥ ಊಟ ಎಂದು ಈಗ ತಿಳಿಯಿತು. ಹೂವೆಂದು ಅವನು ಕರೆಯುತ್ತಿದ್ದ ಆ ಹೊಸ ಹವಳ ಅವನ ಅಚ್ಚುಮೆಚ್ಚು. ಹಿಂದೊಮ್ಮೆ ತರಿಸಿದ ಕಲ್ಲಿಗೆ ತಾನಾಗಿಯೇ ಅಂಟಿಕೊಂಡು ಬಂದದ್ದು. ಕಂದು ದೇಟು, ತುದಿಗೆ ಕೂದಲಿನಂಥ ಎಸಳು. ಬಂದಾಗ ಜೋಳದ ಕಾಳಿನಷ್ಟಿತ್ತು. ಎರಡು ತಿಂಗಳಲ್ಲಿ ಒಂದು ಹನ್ನೊಂದಾಗಿತ್ತು. ಭತ್ತದ ಸೀಮೆಯವನಿಗೆ ಮರಿ ಒಡೆಯುವ ಪೈರಿಗಿಂತ ಚೆಂದ ಇನ್ನಾವುದಿದೆ? ನೇರಳೆ ಹವಳ ಹೋದ ಜಾಗ ಬೋಳಾಗಿ ಕಾಣಬಾರದೆಂದು ಬ್ಲೇಡಿನಿಂದ ನಾಲ್ಕು ಮರಿ ಬಿಡಿಸಿ ಅಲ್ಲಿ ನಾಟಿ ಮಾಡಿದ್ದ. ನಾಲ್ಕೂ ಹಿಡಿದಿದ್ದವು. ಅವನ ಕೈಗುಣವೇ ಅಂಥದ್ದು.

ಚಹಾ ಸೋಸುವ ಜಾಲರಿಯಲ್ಲಿ ಸಿಗಡಿಯನ್ನು ಹಿಡಿದು, ತೊಟ್ಟಿಯದೇ ನೀರು ತುಂಬಿದ ಉಪ್ಪಿನಕಾಯಿ ಬಾಟಲಿಗೆ ಹಾಕಿದ.

"ನೇರಳೆದು ಮುದುಡಾಕ ಹತ್ತಿದ್ದು ಇವ ಬರೂದಕ್ಕಿಂತ ಮೊದಲೋ, ಆಮ್ಯಾಲೋ?" ಕಸ್ತೂರೆಮ್ಮ ಕೇಳಿದಳು.

"ಕಣ್ಣಾರೆ ನೋಡೀಯಲ್ಲ. ಇನ್ನೇನು ಸಾಕ್ಷಿ ಬೇಕು ನಿನಗ?"

ಸಿಟ್ಟು ಬಂದವನಿಗೆ ತಾರೀಖು ನೆನಪಿರುವುದಿಲ್ಲ. ಅಂಗಡಿಯ ತುಂಬ ವಿಷ ಮಾರಿದರೂ ಮನೆಯಲ್ಲಿ ಒಂದು ಇರುವೆ ಹೊಸಕಿದವನಲ್ಲ. ಮರುದಿನದ ಬಸ್ಸಿಗೆ ವಾಪಸು ಕಳಿಸುವ ಯೋಚನೆಯಲ್ಲಿದ್ದ. ಆದರೆ ಬೆಳಿಗ್ಗೆ ನೋಡಿದರೆ ಸಿಗಡಿ ಬಾಟಲಿಯ ತಳದಲ್ಲಿ ಅಡ್ಡ ಬಿದ್ದಿತ್ತು. ಪಾಪ ಅನ್ನಿಸಿತು. ಸುಳ್ಳೇಕೆ, ಮನಸ್ಸು ಹಗುರವೂ ಆಯಿತು.

ಅದೇ ಖುಷಿಯಲ್ಲಿ ಇನ್ನೂ ಆರು ಮರಿ ಬಿಡಿಸಿ ಹಸಿರವ್ವನ ಸುತ್ತ ನೆಟ್ಟ. "ಒಂಟಿ ಆಗ್ಯಾಳ. ಜೋಡಿ ಇರಲಿ," ಎಂದ. ಕಸ್ತೂರೆಮ್ಮ ಬಹಳ ದಿನದ ಮೇಲೆ ನಕ್ಕಳು.

ಹತ್ತು ದಿನದಲ್ಲಿ ಹೂವುಗಳು ಇಪ್ಪತ್ತಾರಾದವು. ಹಸಿರವ್ವ ಬೆರಳು ಬಿಚ್ಚುವುದನ್ನೇ ಬಿಟ್ಟಿತು. ಹನ್ನೊಂದನೆಯ ಬೆಳಿಗ್ಗೆ ಅದರ ಮೈ ಕರಗಿ, ಕೆಳಗಿನ ಬಿಳಿ ಎಲುಬು ಕಂಡಿತು. ಕಸ್ತೂರೆಮ್ಮ ನೋಡಿದಳು. ಕುಡಿಯದ ಚಹಾ ಹಿಡಿದುಕೊಂಡು, ಕಾಲೆಳೆಯುತ್ತ ಒಳಗೆ ಹೋದಳು. ಬಯ್ದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಶಕೀಲನಿಗೆ ವಿಡಿಯೋ ಕಾಲ್ ಮಾಡಿದ. ಸಿಗಡಿಯ ಕಳ್ಳತನ, ಅದನ್ನು ಹಿಡಿದದ್ದು, ಅದು ಸತ್ತದ್ದು, ಎಲ್ಲ ಹೇಳಿದ. ಕೊಲೆಗಾರ ಹೋದಮೇಲೂ ಹಸಿರವ್ವ ಯಾಕೆ ಉಳಿಯಲಿಲ್ಲ ಎಂದು ಕೇಳಿದ.

"ತೊಟ್ಟಿ ತೋರ್ಸ್ರಿ," ಎಂದ ಶಕೀಲ್.

ತೋರಿಸಿದ. ಇಷ್ಟು ದುಃಖದಲ್ಲೂ ತಾನು ನಾಟಿ ಮಾಡಿದ ಹೂವುಗಳ ಮುಂದೆ ಮೊಬೈಲು ಒಂದು ಗಳಿಗೆ ಹೆಚ್ಚೇ ನಿಂತಿತು. "ಇವಷ್ಟ ಉಳದಾವ ನೋಡಪಾ. ಈ ಹವಳಕ್ಕ ಏನಂತಾರ?"

ಆ ಕಡೆ ಶಕೀಲ್ ಮೊಬೈಲನ್ನು ಕಣ್ಣಿನ ಹತ್ತಿರ ತಂದುಕೊಂಡು ನೋಡಿದ.

"ಅದು ಹವಳ ಅಲ್ರೀ ಸಾವ್ಕಾರ್ರ, ಕಳೆ, ಮಗ್ಗಲಿದ್ದದ್ದನ್ನೆಲ್ಲ ಸುಟ್ಟು ಸಾಯಿಸ್ತೈತಿ, ಅದನ್ನ ತಿಂದು ಮುಗಸ್ಲಿ ಅಂತನ ನಾ ಆ ಸಿಗಡಿ ಕಳಿಸಿದ್ದು."