ಮುನ್ನೂರು ರೂಪಾಯಿಯ ಆಸೆಬುರುಕಿ

ಹೆಣ್ಣಿನ ತಂದೆಗೆ ತೆರ ಮುನ್ನೂರು ರೂಪಾಯಿ, ಕೊಟ್ಟಾಗಿತ್ತು. ಮದುವೆ ಸೀರೆ ಇಪ್ಪತ್ತೆರಡು. ತಾಳಿಗೆ ಚಿನ್ನ ಮೂವತ್ತೈದು. ಐವತ್ತೆರಡರ ವಯಸ್ಸಿನಲ್ಲಿ ಎರಡನೆಯ ಮದುವೆ ಇಷ್ಟರಲ್ಲಿ ಮುಗಿಯುತ್ತದೆಂದು ನರಸಿಂಹರಾಜಪುರದ ಜವಳಿ ವ್ಯಾಪಾರಿ ಮರುಳಸಿದ್ದಪ್ಪ ಎಣಿಸಿದ್ದ. ಹೆಂಡತಿ ಸರ್ವಮಂಗಳಾ ಅಡ್ಡ ನಿಂತಳು.

"ಬರೋಳಿಗೆ ಮುನ್ನೂರಾದ್ರೆ, ಇಪ್ಪತ್ತೆಂಟು ವರ್ಷ ಬಾಳಿದೋಳಿಗೂ ಮುನ್ನೂರು. ಗದ್ದೆ ಬೇಡ, ಒಡವೆ ಬೇಡ. ನಗದು."

ಹಿರಿಯವಳು ಒಪ್ಪದೆ ತಾನು ಮದುವೆ ಮಾಡಿಸುವುದಿಲ್ಲವೆಂದು ಅಯ್ಯನವರಾದ ಪರಮಶಿವಯ್ಯ ಹೇಳಿಬಿಟ್ಟಿದ್ದರು.

"ಆಸೆಬುರುಕಿ!" ಮರುಳಸಿದ್ದಪ್ಪ ಬೀದಿಗೆಲ್ಲ ಕೇಳುವಂತೆ ಕೂಗಿದ. "ಅಯ್ನೋರೇ, ಇವಳನ್ನ ಇನ್ನೇನಂತ ಕರೀಬೇಕು?"

ಪರಮಶಿವಯ್ಯ ಗಂಟಲು ಸರಿಮಾಡಿಕೊಂಡರು. "ಇದ್ದದ್ದು ಸಾಲದೆ ಕಂಡದ್ದಕ್ಕೆಲ್ಲ ಕೈ ಚಾಚೋರಿಗೆ ಹಾಗಂತಾರೆ."

"ಹಂಗಾದ್ರೆ ಈ ಜಗಲೀಲಿ ಇಬ್ರಿದೀವಿ," ಎಂದಳು ಸರ್ವಮಂಗಳಾ.

ಹೆಣ್ಣಿನ ತಂದೆ ರೇಣುಕಪ್ಪ ಅಂಗಳದಲ್ಲೇ ನಿಂತಿದ್ದ. ಹದಿನಾರರ ಮಗಳು ನೀಲಾಂಬಿಕೆ ಅನ್ನ ಬಿಟ್ಟು ಮೂರು ದಿನವಾಗಿತ್ತು.

"ಹುಡುಗಿ ಒಲ್ಲೆ ಅಂತಾಳೆ, ಸಾವ್ಕಾರ್ರೇ. ಬಿಟ್ಟುಬಿಡಿ."

"ತೆರ ವಾಪಸ್ ಇಡು ಮಾರಾಯ, ಈಗ್ಲೇ ಬಿಡ್ತೀನಿ!" ಮರುಳಸಿದ್ದಪ್ಪ ನಕ್ಕ. ಆ ಹಣ ರೇಣುಕಪ್ಪನ ಸುಟ್ಟ ಮನೆಯ ಮೇಲೆ ಹೊಸ ಹೆಂಚಾಗಿ ಕೂತಿರುವುದು ಅವನಿಗೆ ಗೊತ್ತಿತ್ತು.

"ಅಳೋರ ಸಮಾಚಾರ ಆಮೇಲೆ," ಸರ್ವಮಂಗಳಾ ನಡುವೆ ಬಾಯಿ ಹಾಕಿದಳು. "ನನ್ನ ದುಡ್ಡು ಬೀಳದೆ ಇವನ ಮಗಳ ಹಣೆಗೆ ಕುಂಕುಮ ಇಡೋಳಲ್ಲ ನಾನು."

ರೇಣುಕಪ್ಪ ತಲೆ ತಗ್ಗಿಸಿಕೊಂಡು ಹೊರಟುಹೋದ.

ಮರುದಿನ ಮರುಳಸಿದ್ದಪ್ಪ ಮುನ್ನೂರನ್ನು ಅವಳ ಕಾಲ ಬುಡಕ್ಕೆ ಎಸೆದ. ಅವಳು ಬಗ್ಗಿ ಒಂದೊಂದಾಗಿ ಆರಿಸಿಕೊಂಡಳು, ಎರಡು ಸಲ ಎಣಿಸಿದಳು, ಒಪ್ಪಿದೆ ಎಂದಳು. ಆ ವಾರ ಊರಿನ ಬಾಯಲ್ಲಿ ಅವಳ ಹೆಸರೇ ಆಸೆಬುರುಕಿ ಎಂದಾಯಿತು. ಬಾವಿಕಟ್ಟೆಯಲ್ಲಿ ಪಕ್ಕದ ಮನೆಯ ಗಿರಿಯಮ್ಮ ಕೇಳಿಯೇಬಿಟ್ಟಳು:

"ಗಂಡನ್ನ ಎಷ್ಟಕ್ಕೆ ಮಾರಿದ್ಯೇ, ಮಾರಾಯ್ತಿ?"

"ಮುನ್ನೂರಕ್ಕೆ. ಮಾಲಿಗೆ ಜಾಸ್ತಿಯೇ ಬಂತು."

ಮದುವೆಯ ಹಿಂದಿನ ದಿನ ರೇಣುಕಪ್ಪ ಮತ್ತೆ ಬಂದ. ಪರಮಶಿವಯ್ಯನವರ ಎದುರು ಮುನ್ನೂರು ರೂಪಾಯಿ ಎಣಿಸಿಟ್ಟ.

"ತೆರ ವಾಪಸ್ ಮುಟ್ಟಿತು. ನನ್ನ ಮಗಳನ್ನ ಕೊಡಲ್ಲ."

"ಸಾವ್ಕಾರ್ರು ಅಂದ ಮಾತೇ ಅದು, ನಾನೇ ಕೇಳಿದೀನಿ," ಎಂದರು ಅಯ್ಯನವರು.

ಮರುಳಸಿದ್ದಪ್ಪನ ಮುಖ ಕಪ್ಪಿಟ್ಟಿತು. "ಎಲ್ಲಿಂದ ತಂದ್ಯೋ? ಯಾರು ಕೊಟ್ರು ನಿನಗೆ?"

ರೇಣುಕಪ್ಪ ಮೆಟ್ಟಿಲಿಳಿದ.

ಕೊಟ್ಟವಳು ಸರ್ವಮಂಗಳಾ: ಆರುನೂರು ಬಿಚ್ಚಿದ ಮರುಳಸಿದ್ದಪ್ಪನಿಗೆ ಅವನದೇ ಮುನ್ನೂರು ಹಿಂದಕ್ಕೆ ಬಂತು, ಅವಳಿಗೆ ಒಂದು ಕಾಸೂ ಉಳಿಯಲಿಲ್ಲ, ಸವತಿಯೂ ಬರಲಿಲ್ಲ.