ವೋಟು ಹಾಕದ ಊರಿಗೊಂದು ಸೇತುವೆ

ರಾಜಕೀಯದವರು ಎಂದರೆ ಮೂಗು ಮುರಿಯುವ ಗೆಳೆಯರೆಲ್ಲ ಇದನ್ನೊಮ್ಮೆ ಓದಿ…

ನೀಲವ್ವ ಕಮತರ. ಮೊದಲು ಕನ್ನಡ ಶಾಲೆಯಲ್ಲಿ ಟೀಚರ್. ಆಮೇಲೆ ಕೃಷ್ಣಾ ನದಿ ದಂಡೆಯ ಒಂದು ಕ್ಷೇತ್ರದಿಂದ ಮತ್ತೆ ಮತ್ತೆ ಗೆದ್ದು ಬಂದ ಶಾಸಕಿ.

ಆದರೆ ಅಲ್ಲಿ ಒಂದು ಊರು ಮಾತ್ರ ಅವರಿಗೆ ಎಂದೂ ವೋಟು ಹಾಕುತ್ತಿರಲಿಲ್ಲ… ನದಿಯ ನಡುಗಡ್ಡೆಯಲ್ಲಿದ್ದ ಗಡ್ಡಿಹಾಳ.

ಕಾರಣ? ಪ್ರತಿ ಚುನಾವಣೆಯಲ್ಲೂ ಅವರೆದುರು ನಿಲ್ಲುತ್ತಿದ್ದ ದ್ಯಾಮನಗೌಡರ ಸ್ವಂತ ಊರು ಅದು!

ಮೊದಲ ಸಲ ಗೆದ್ದಾಗ ನೀಲವ್ವ ಎಲ್ಲ ಹಳ್ಳಿಗಳಿಗೂ ಹೋಗಿ ಕೈಮುಗಿದು ಬಂದರು. ಹರಿಗೋಲು ಹತ್ತಿ ಗಡ್ಡಿಹಾಳಕ್ಕೂ ಹೊರಟರು.

ಪಕ್ಕದಲ್ಲಿ ಒಬ್ಬ ತುಂಬು ಗರ್ಭಿಣಿ ಕೂತಿದ್ದಳು. ನಡುನೀರಿನಲ್ಲಿ ಹರಿಗೋಲು ಗರಗರ ತಿರುಗಿತು… ಆಕೆ ಹೆದರಿ ನೀಲವ್ವನವರ ಕೈ ಹಿಡಿದುಕೊಂಡಳು.

“ಹೊಳಿ ತುಂಬಿದಾಗ ಬ್ಯಾನಿ ಶುರುವಾದ್ರ ಏನ್ ಮಾಡ್ತೀಯವ್ವಾ?”

“ಏನ್ ಮಾಡೂದ್ರಿ ಅಕ್ಕಾರ… ದೇವರ ಮ್ಯಾಲ ಭಾರ ಹಾಕೂದು. ಹ್ವಾದ ವರ್ಷ ನಮ್ಮ ನೆಗೆಣ್ಣಿ, ಮೈದುನನ ಹೇಣ್ತಿ, ಹಂಗಽ ಹೋಗಿಬಿಟ್ಲರಿ.”

ನೀಲವ್ವ ವಿಧಾನಸಭೆಯಲ್ಲಿ ಕೇಳಿದ ಮೊದಲ ಪ್ರಶ್ನೆಯೇ ಗಡ್ಡಿಹಾಳದ ಸೇತುವೆ.

ಉತ್ತರ… “ಪರಿಶೀಲಿಸಲಾಗುವುದು.”

ಸರ್ಕಾರಗಳು ಬದಲಾದವು. ಮಂತ್ರಿಗಳು ಬದಲಾದರು. ಉತ್ತರ ಮಾತ್ರ ಬದಲಾಗಲಿಲ್ಲ.

ಅವರು ಎದ್ದು ನಿಂತರೆ ಸಾಕು, “ಬಂದ್ರು ನೋಡ್ರಪ್ಪ, ಸೇತುವೆ ಅಕ್ಕ” ಎಂದು ಸದನದಲ್ಲಿ ನಗು ಏಳುತ್ತಿತ್ತು.

ಅವರ ಪಕ್ಷದವರೇ ಸಿಡಿಮಿಡಿಗೊಂಡರು. “ಅಕ್ಕಾರ, ಆ ಊರಾಗ ನಿಮಗ ಯಾರೂ ವೋಟು ಹಾಕಂಗಿಲ್ಲ. ಅವರಿಗ್ಯಾಕ ಸೇತುವೆ?”

ನೀಲವ್ವ ಹೇಳಿದ್ದು ಇಷ್ಟೇ. “ಅವರು ನನ್ನ ಒಪ್ಪಿಲ್ಲ, ಖರೆ. ಹಂಗಂತ ಅವರು ನನ್ನ ಮಂದಿ ಅಲ್ಲೇನು?”

ಒಂದು ದಿನ ಮುಖ್ಯಮಂತ್ರಿಗಳು ಕರೆಸಿದರು. “ನೀಲವ್ವನೋರೇ, ಈ ಸಲ ನಿಮ್ಮನ್ನ ಮಂತ್ರಿ ಮಾಡೋಣ ಅಂತಿದೀವಿ.”

“ಮಂತ್ರಿಗಿರಿ ಯಾರಿಗರೆ ಕೊಡ್ರಿ ಸಾಹೇಬ್ರ… ನನಗ ಬಜೆಟ್‌ನ್ಯಾಗ ಒಂದು ಸೇತುವೆ ಕೊಡ್ರಿ, ಸಾಕು.”



ಆ ವರ್ಷದ ಬಜೆಟ್ ಭಾಷಣದಲ್ಲಿ ಗಡ್ಡಿಹಾಳದ ಹೆಸರು ಬಂತು. ನಗುತ್ತಿದ್ದವರೇ ಮೇಜು ಕುಟ್ಟಿದರು!

ಸೇತುವೆ ಎದ್ದು ನಿಂತಿತು. ಉದ್ಘಾಟನೆಗೆ ಇಡೀ ತಾಲ್ಲೂಕು ಬಂತು. ದ್ಯಾಮನಗೌಡರು ಮಾತ್ರ ಬರಲಿಲ್ಲ.

ಮತ್ತೆ ಚುನಾವಣೆ. “ಅಕ್ಕಾರಿಗೆ ವಯಸ್ಸಾಯಿತು, ಈ ಸಲ ಸೋಲುತ್ತಾರೆ” ಎಂದು ಅವರ ಕಡೆಯವರೇ ಗುಸುಗುಸು ಮಾತಾಡಿದರು.

ಎಣಿಕೆಯ ದಿನ ಹಾಗೆಯೇ ಆಗುವಂತೆ ಕಂಡಿತು. ಬೆಳಗಿನಿಂದ ಗೌಡರೇ ಮುಂದೆ.

ಅಂತರ ದೊಡ್ಡದೇನಲ್ಲ… ಆದರೆ ಕೊನೆಗೆ ಉಳಿದದ್ದು ಗಡ್ಡಿಹಾಳದ ಬೂತುಗಳು! ಹೊರಗೆ ಗೌಡರ ಕಡೆಯವರು ಆಗಲೇ ಗುಲಾಲು ಎರಚುತ್ತಿದ್ದರು.

ನೀಲವ್ವನವರ ಏಜೆಂಟ್ ತಲೆ ತಗ್ಗಿಸಿದ. “ಏಳ್ರಿ ಅಕ್ಕಾರ, ಮನಿಗೆ ಹೋಗೂಣು. ಅಲ್ಲಿ ನಮಗೇನೈತಿ?”

“ಕೂಡ್ರೋ ತಮ್ಮಾ… ಅವರ ವೋಟೂ ಎಣಿಸಲಿ.”

ಫಲಿತಾಂಶ ಕೂಗಿದರು.

ಗಡ್ಡಿಹಾಳದ ವೋಟು ಹೆಚ್ಚುಕಡಿಮೆ ಎಲ್ಲವೂ ನೀಲವ್ವನವರಿಗೆ! ಆ ಊರೇ ಅವರನ್ನು ಗೆಲ್ಲಿಸಿತ್ತು.

ದ್ಯಾಮನಗೌಡರು ಎದ್ದರು. ಮರು ಎಣಿಕೆ ಕೇಳುತ್ತಾರೆ ಎಂದೇ ಎಲ್ಲರೂ ಅಂದುಕೊಂಡರು.

ಗೌಡರು ತಮಗೆಂದು ತಮ್ಮ ಕಡೆಯವರು ತಂದಿಟ್ಟಿದ್ದ ಹೂವಿನ ಹಾರ ಎತ್ತಿಕೊಂಡು ಬಂದು ನೀಲವ್ವನವರ ಕೈಗಿಟ್ಟರು.

ನೀಲವ್ವ ಸಂಕೋಚಪಟ್ಟರು. “ಗೌಡ್ರ… ನಿಮ್ಮ ಊರಿನವರು ನಿಮ್ಮ ಕೈ ಬಿಟ್ರಲ್ಲರಿ.”

“ಊರಿನವರಷ್ಟಽ ಅಲ್ರಿ ಅಕ್ಕಾರ… ನನ್ನ ವೋಟೂ ನಿಮಗಽ ಹಾಕೀನಿ.”

ಗೌಡರೇ ಮುಂದುವರಿಸಿದರು.

“ಹ್ವಾದ ಮಳಿಗಾಲದಾಗ ಹೊಳಿ ಸೊಕ್ಕಿ ಹರಿಯಾಕತ್ತಿತ್ತು. ನಮ್ಮ ಸೊಸಿಗೆ ಬ್ಯಾನಿ ಬಂದ್ವು. ಆಂಬುಲೆನ್ಸ್ ಸೀದಾ ನಮ್ಮ ಬಾಗಿಲಿಗೆ ಬಂತ್ರಿ.”

ಗೌಡರು ಹೊಳೆಯ ದಿಕ್ಕಿಗೆ ಕೈ ಮಾಡಿದರು. “ನಮ್ಮವ್ವ ತಂಗೀನ್ನ ಹಡೆಯೂವಾಗ ಇದಽ ಹೊಳಿ ದಾಟಲಾರದ ಸತ್ಲು… ಇವತ್ತು ಸೊಸಿ, ಮೊಮ್ಮಗಳು ಇಬ್ರೂ ಆರಾಮ ಅದಾರ.”

“ಪಕ್ಷದವರು ಟಿಕೆಟ್ ಕೊಟ್ರು, ನಿಂತೆ. ಆದ್ರ ಬಟನ್ ಒತ್ತೂ ಮುಂದ ನನ್ನ ಕೈ ನನ್ನ ಮಾತು ಕೇಳಲಿಲ್ರಿ…”

ಸದನದ ನಗೆಗೆ ಒಂದು ದಿನವೂ ಕಣ್ಣೀರು ಹಾಕದ ನೀಲವ್ವ ಅಲ್ಲೇ ಅತ್ತುಬಿಟ್ಟರು. ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳಿದರು…

“ನಡೀರಿ ಗೌಡ್ರ, ಮೊದಲ ನಿಮ್ಮ ಮೊಮ್ಮಗಳನ್ನ ತೋರಸ್ರಿ!”

ಅವತ್ತು ವಿಜಯದ ಮೆರವಣಿಗೆ ಪೇಟೆಗೆ ಹೋಗಲೇ ಇಲ್ಲ. ಸೀದಾ ಗಡ್ಡಿಹಾಳದ ಕಡೆ ತಿರುಗಿತು.

ಒಂದೇ ಜೀಪಿನಲ್ಲಿ ಗೆದ್ದವರು, ಸೋತವರು ಇಬ್ಬರೂ… ಎರಡೂ ಪಕ್ಷದ ಹಲಗೆಗಳು ಒಂದೇ ತಾಳದಲ್ಲಿ ಮೊಳಗಿದವು. ಸೇತುವೆಯ ಆ ತುದಿಯಲ್ಲಿ ಊರಿನ ಹೆಣ್ಣುಮಕ್ಕಳೆಲ್ಲ ಆರತಿ ಹಿಡಿದು ನಿಂತಿದ್ದರು!

*ನಮ್ಮವರಿಗಾಗಿ ದುಡಿದರೆ ಚುನಾವಣೆ ಗೆಲ್ಲಬಹುದು… ನಮ್ಮನ್ನು ಒಪ್ಪದವರಿಗಾಗಿಯೂ ದುಡಿದರೆ ಮನುಷ್ಯರನ್ನೇ ಗೆಲ್ಲಬಹುದು.*

ನಮ್ಮನ್ನು ಕಂಡರಾಗದ ಒಬ್ಬರಿಗಾಗಿ ನಾವು ಕೊನೆಯ ಸಲ ಒಂದು ಒಳ್ಳೆಯ ಕೆಲಸ ಮಾಡಿದ್ದು ಯಾವಾಗ…?