ಲಾರಿಗೆ ಹೊಕ್ಕ ಗಾಳಿ

ಕಾಳಗಿ ಇನ್ನು ಎರಡು ಹರದಾರಿ ಇದೆ ಎನ್ನುವಾಗ ಲಾರಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಡ್ರೈವರ್ ಶೌಕತ ಅಲಿ ಇಳಿದು ಬಾನೆಟ್ ಎತ್ತಿದ. ಪಕ್ಕದಲ್ಲಿ ಕೂತಿದ್ದ ಶರಣಬಸಮ್ಮ ಇಳಿದು ಮೊದಲು ಆಕಾಶ ನೋಡಿದಳು. ಚಿಂಚೋಳಿ ಕಡೆಯಿಂದ ಮೋಡ ಏರಿ ಬರುತ್ತಿತ್ತು. ಲಾರಿ ತುಂಬ ಇದ್ದದ್ದು ಆಕೆಯ ಭಟ್ಟಿಯಲ್ಲಿ ಸುಟ್ಟ ಸುಣ್ಣಗಲ್ಲಿನ ಹಳ್ಳು. ನೀರು ಬಿದ್ದರೆ ಅದು ಅಲ್ಲೇ ಕುದ್ದು ಅರಳುತ್ತದೆ, ಲಾರಿಯ ಹಲಗೆಗೂ ಬೆಂಕಿ ಹತ್ತೀತು. ಹೊದಿಸಿದ ತಾಡಪತ್ರಿ ನೋಡಿದರೆ ಅಲ್ಲಲ್ಲಿ ಹರಿದಿತ್ತು.

ಗಂಡ ತೀರಿದ ಮೇಲೆ ಶಾಹಾಬಾದದ ಆ ಭಟ್ಟಿಯನ್ನು ಆಕೆಯೇ ನಡೆಸುತ್ತಿದ್ದಳು. ಮೈದುನ ಕಲ್ಯಾಣಪ್ಪನಿಗೆ ಅದೇ ಹೊಟ್ಟೆಯುರಿ. ಎತ್ತಿನ ಬಂಡಿ ಬಿಟ್ಟು ಆಕೆ ಲಾರಿ ಹಿಡಿದಾಗ ನಾಲ್ಕು ಮಂದಿಯ ಎದುರು ಅಂದಿದ್ದ: "ಈ ಸುಣ್ಣ ನೆಟ್ಟಗ ಕಾಳಗಿ ಮುಟ್ಟಂಗಿಲ್ಲ. ಮುಟ್ಟಲಿಲ್ಲಂದ್ರ ಭಟ್ಟಿ ನನಗ ಬಿಡಬೇಕು, ವೈನಿ." ಆಕೆಯೂ ಸಿಟ್ಟಿನಲ್ಲಿ "ಆಗ್ಲಿ" ಎಂದುಬಿಟ್ಟಿದ್ದಳು.

"ಏನಾಗ್ಯಾದ, ಸಾಬ?"

"ಡೀಸೆಲ್ ಸೋಸೋ ಫಿಲ್ಟರ್ ಕಟ್ಟ್ಯಾದ್ರಿ ಅವ್ವಾರೆ. ಹೊಸಾದು ಅದ, ಹಾಕ್ತೀನಿ."

ಹಳೆಯ ಫಿಲ್ಟರಿನ ಬಟ್ಟೆ ಹಂಚಿನ ತಳದಂತೆ ಕಪ್ಪಾಗಿತ್ತು. ಹೊಸದನ್ನು ಕೂಡಿಸಿ, ಬಿಗಿದು, ಶೌಕತ ಅಲಿ ಸೆಲ್ಫ್ ಒತ್ತಿದ. ಎಂಜಿನ್ ನರಳಿತೇ ಹೊರತು ಏಳಲಿಲ್ಲ.

"ಒಳಗ ಗಾಳಿ ಹೊಕ್ಕಾದ. ಅದನ್ನ ಬಿಡಸೋತನಾ ಇದು ಏಳಂಗಿಲ್ಲ."

ರಸ್ತೆಯ ಬದಿಗೆ ಎತ್ತು ಮೇಯಿಸುತ್ತಿದ್ದ ಅಮೃತಪ್ಪ ಆ ಮಾತು ಕೇಳಿ ಹಗ್ಗ ಬಿಟ್ಟು ಬಂದ. ಸುತ್ತಲಿನ ಹಳ್ಳಿಗಳಲ್ಲಿ ದೆವ್ವ ಬಿಡಿಸುವವನು ಅವನೇ.

"ಗಾಳಿ ಬಿಡಸೋದು ನನ್ನ ಕೆಲಸರಿ. ಮಂದಿಗಿ ಹೊಕ್ಕಿದ್ದು ಬಿಡಸೀನಿ, ಎಮ್ಮಿಗಿ ಹೊಕ್ಕಿದ್ದು ಬಿಡಸೀನಿ. ಮೋಟಾರ ಇದೇ ಮೊದಲ."

"ಲಿಂಗ ಕಟ್ಟಿದವರು ನಾವು, ಅಂಥಾದ್ದೆಲ್ಲ ನಂಬಂಗಿಲ್ಲ" ಎಂದು ಶರಣಬಸಮ್ಮ ಶುರು ಮಾಡಿದಳು. ಶೌಕತ ಅಲಿ ಕಣ್ಣಲ್ಲೇ ತಡೆದ. ಅವನಿಗೆ ಇನ್ನೊಂದು ಜೊತೆ ಕೈ ಬೇಕಿತ್ತು. ಒಬ್ಬರು ಕೆಳಗಿನ ಪಂಪಿನ ಹಿಡಿ ಒತ್ತುತ್ತಲೇ ಇರಬೇಕು, ಇನ್ನೊಬ್ಬರು ಮೇಲಿನ ಸ್ಕ್ರೂ ಸಡಿಲಿಸಿ ಗಾಳಿ ಹೊರಗೆ ಬಿಡಬೇಕು.

"ಇದನ್ನ ಒತ್ರಿ ಕಾಕಾ. ನಡುವ ನಿಲ್ಲಸಬ್ಯಾಡ್ರಿ."

"ನಡುವ ನಿಲ್ಲಿಸಿದ್ರ ಬಿಡಸವನಿಗೇ ಬಡೀತಾದ. ನನಗ ಗೊತ್ತಿಲ್ಲೇನು?"

ಅಷ್ಟರಲ್ಲಿ ದಪ್ಪ ಹನಿ ಶುರುವಾಯಿತು. ಶರಣಬಸಮ್ಮ ಸೀರೆ ಕಚ್ಚೆ ಬಿಗಿದು ಲಾರಿ ಹತ್ತಿ, ತಾಡಪತ್ರಿಯನ್ನು ಮಡಚಿ ಹರಿದ ಕಡೆಯೆಲ್ಲ ಎರಡು ಪದರ ಮಾಡಿದಳು. ಸುಣ್ಣದ ಒಂದು ಹಳ್ಳಿನ ಮೇಲೆ ಆಗಲೇ ಹನಿ ಬಿದ್ದು ಹೊಗೆಯಾಡುತ್ತಿತ್ತು. ಬರಿಗೈಯಲ್ಲೇ ಹೆಕ್ಕಿ ಹೊಲಕ್ಕೆ ಎಸೆದಳು. ಅಂಗೈ ಚುರುಗುಟ್ಟಿತು. ಕೈ ಸುಟ್ಟರೂ ಸರಿ, ಭಟ್ಟಿ ಮಾತ್ರ ಬಿಡುವುದಿಲ್ಲ ಎಂದುಕೊಂಡಳು.

ಕೆಳಗೆ ಸ್ಕ್ರೂ ಸಂದಿಯಿಂದ ಡೀಸೆಲ್ ಗುಳ್ಳೆ ಗುಳ್ಳೆಯಾಗಿ ಉಕ್ಕುತ್ತಿತ್ತು.

"ನೋಡ್ರಿ, ಬುರುಗು ಕಾರಾಕತ್ತಾದ" ಎಂದ ಅಮೃತಪ್ಪ, ಇನ್ನಷ್ಟು ಜೋರಾಗಿ ಒತ್ತಿದ. ಮಳೆ ಅವನ ಬೆನ್ನ ಮೇಲೆ ಸುರಿಯುತ್ತಿತ್ತು. ಅವನು ತಲೆ ಎತ್ತಲಿಲ್ಲ.

ಗುಳ್ಳೆ ನಿಂತು ಬರೀ ಡೀಸೆಲ್ ಬಂತು. ಶೌಕತ ಅಲಿ ಸ್ಕ್ರೂ ಬಿಗಿದು ಓಡಿಹೋಗಿ ಸೆಲ್ಫ್ ಒತ್ತಿದ. ಎಂಜಿನ್ ಗುಡುಗುತ್ತ ಎದ್ದಿತು. ಶರಣಬಸಮ್ಮ ಮೇಲಿನಿಂದ ಇಳಿದು ಬಂದು ತನ್ನ ಜಾಗದಲ್ಲಿ ಕೂತಳು.

ಅಮೃತಪ್ಪ ಕೈ ಒರೆಸಿಕೊಳ್ಳುತ್ತ ಶರಣಬಸಮ್ಮನ ಬಾಗಿಲ ಹತ್ತಿರ ಬಂದ. ಮುಖದಲ್ಲಿ ಇನ್ನೂ ಸಮಾಧಾನ ಇರಲಿಲ್ಲ.

"ಹೋಯ್ತು ಖರೆ. ಆದ್ರ ಹೆಸರು ಹೇಳಲಾರದ ಹೋದ ಗಾಳಿ ಮತ್ತ ಬರ್ತಾದ. ಯಾರದಿರಬೇಕು, ಅವ್ವಾರೆ?"

ಶರಣಬಸಮ್ಮ ಸುಟ್ಟ ಅಂಗೈಯನ್ನು ಊದಿಕೊಂಡಳು. "ಕಲ್ಯಾಣಪ್ಪಂದು. ನನ್ನ ಮೈದುನ."

"ಸತ್ತು ಭಾಳ ದಿನ ಆಯ್ತೇನ್ರಿ?"

"ಸತ್ತಿಲ್ಲ. ಶಾಹಾಬಾದದಾಗ ಕುಂತಾನ" ಎಂದು ಆಕೆ ಬಾಗಿಲು ಎಳೆದುಕೊಂಡಳು. "ಅದನ್ನ ನಾನೇ ಬಿಡಸ್ತೀನಿ."